‘ಸಂಶಯವಿಲ್ಲ’ ಎಂದು ಸಹಿ ಹಾಕಿದ ಮೇಲೂ ದಾರಿ ಇದೆಯೇ?

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನನ್ನ ಅಕ್ಕನ ಗಂಡನನ್ನು ಕಳ್ಳತನದ ಆರೋಪದ ಮೇಲೆ ಹಿಡಿದುಕೊಂಡು ಹೋದರು. ಒಂದು ರಾತ್ರಿ ಠಾಣೆಯಲ್ಲಿ ಇಟ್ಟುಕೊಂಡು, ಮರುದಿನ ನ್ಯಾಯಾಲಯಕ್ಕೆ ಹಾಜರುಪಡಿಸಿ ಜೈಲಿಗೆ ಕಳುಹಿಸಿದರು. ಹನ್ನೊಂದನೇ ದಿನ ನಡುರಾತ್ರಿ ಫೋನ್ ಬಂತು. ಎದೆನೋವು ಬಂತು, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ತೀರಿಕೊಂಡರು ಎಂದರು. ಅವರಿಗಿನ್ನೂ 34 ವರ್ಷ. ಶವ ಕೊಡುವ ಮೊದಲು ಅಕ್ಕನಿಂದ ಎರಡು ಕಾಗದಗಳಿಗೆ ಸಹಿ ಹಾಕಿಸಿಕೊಂಡರು. ‘ಸಾವಿನಲ್ಲಿ ಯಾವುದೇ ಸಂಶಯ ಇರುವುದಿಲ್ಲ’ ಎಂದು ಅದರಲ್ಲಿತ್ತಂತೆ. ಮೈ ತೊಳೆದವರು ಬೆನ್ನ ಮೇಲೆ ಕಪ್ಪು ಗುರುತುಗಳಿದ್ದವು ಎನ್ನುತ್ತಾರೆ. ಮಣ್ಣು ಕೊಟ್ಟು 41 ದಿನಗಳಾದವು. ಏನಾದರೂ ಪರಿಹಾರ ಕೊಟ್ಟರೆ ತೆಗೆದುಕೊಂಡು ಸುಮ್ಮನಿರಿ ಎಂದು ಬಂಧುಗಳು ಹೇಳುತ್ತಾರೆ. ‘ನಾನು ಮಗನನ್ನು ಮಾರುವುದಿಲ್ಲ’ ಎಂದು ಅಕ್ಕನ ಅತ್ತೆ ಹೇಳುತ್ತಾಳೆ. ಅಕ್ಕ ಮಾತೇ ಆಡುವುದಿಲ್ಲ. ಎಂಟು ವರ್ಷದ ಮಗನಿಗೆ ‘ಅಪ್ಪ ದುಡಿಯಲು ಗೋವಾಕ್ಕೆ ಹೋಗಿದ್ದಾನೆ’ ಎಂದು ಹೇಳಿದ್ದೇವೆ. ನಾನೇನು ಮಾಡಲಿ?

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ. ನೀವು ಹೆಚ್ಚು ಹೆದರಿರುವುದು ಆ ಸಹಿಗೆ ಎಂದು ನನಗನ್ನಿಸುತ್ತದೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ. ಆ ಸಹಿಯಿಂದ ಏನೂ ಮುಗಿದಿಲ್ಲ.

ಠಾಣೆಯಲ್ಲಾಗಲಿ, ನ್ಯಾಯಾಲಯದ ಆದೇಶದ ಮೇಲೆ ಜೈಲಿನಲ್ಲಾಗಲಿ ಇದ್ದ ಮನುಷ್ಯ ಸತ್ತರೆ, ಪೊಲೀಸರ ತನಿಖೆಯ ಜೊತೆಗೆ ಮ್ಯಾಜಿಸ್ಟ್ರೇಟರು ಪ್ರತ್ಯೇಕವಾಗಿ ವಿಚಾರಣೆ ನಡೆಸಲೇಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಗೆ ಈ ನಿಯಮ ಸೇರಿದ್ದು 2005ರ ತಿದ್ದುಪಡಿಯಲ್ಲಿ. ಜಾರಿಗೆ ಬಂದದ್ದು 2006ರಲ್ಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 196ನೇ ಕಲಂ. ಮನೆಯವರಿಗೆ ಸಂಶಯ ಇದ್ದರೆ ಮಾತ್ರ ವಿಚಾರಣೆ ಎಂದು ಆ ಕಲಂ ಹೇಳುವುದಿಲ್ಲ. ಸಾವು ಬಂಧನದಲ್ಲಾಯಿತು ಎಂಬುದಷ್ಟೇ ಸಾಕು. ತಂದೆ, ತಾಯಿ, ಹೆಂಡತಿ, ಮಕ್ಕಳು, ಅಣ್ಣತಮ್ಮಂದಿರು, ಅಕ್ಕತಂಗಿಯರಿಗೆ ಸಾಧ್ಯವಿರುವಾಗಲೆಲ್ಲ ವಿಚಾರಣೆಯ ವಿಷಯ ತಿಳಿಸಬೇಕು, ಅವರು ಅಲ್ಲಿ ಹಾಜರಿರಲು ಬಿಡಬೇಕು ಎಂದೂ ಅಲ್ಲಿಯೇ ಇದೆ. 41 ದಿನಗಳಲ್ಲಿ ನಿಮ್ಮ ಮನೆಗೆ ಅಂಥ ನೋಟಿಸು ಬಂದಿಲ್ಲವಾದರೆ, ಯಾವ ಮ್ಯಾಜಿಸ್ಟ್ರೇಟರ ಮುಂದೆ ವಿಚಾರಣೆ ಇದೆ ಎಂದು ಕೇಳಿ ತಿಳಿದು, ‘ನಾವು ಹೇಳಿಕೆ ಕೊಡಬೇಕಾಗಿದೆ’ ಎಂದು ಅರ್ಜಿ ಹಾಕಿ. ನಿಮ್ಮ ಮೊದಲ ಕೆಲಸ ಇದು.

ಈಗ ಆ ಕಾಗದದ ಮಾತು. ಇಪ್ಪತ್ತು ವರ್ಷಗಳಿಂದ ಬೆಳಗಾವಿಯಲ್ಲಿ ಮನೋವೈದ್ಯಕೀಯ ಸಮಾಜಕಾರ್ಯ ಮಾಡುತ್ತಿರುವ ನಾನು ಇಂಥ ಕಾಗದಗಳನ್ನು ಎಷ್ಟೋ ಸಲ ಓದಿದ್ದೇನೆ. ‘ಸದರಿ ಮೃತನ ಸಾವಿನಲ್ಲಿ ನನಗಾಗಲಿ ನಮ್ಮ ಮನೆಯವರಿಗಾಗಲಿ ಯಾರ ಮೇಲೂ ಯಾವುದೇ ತರಹದ ಸಂಶಯ ಇರುವುದಿಲ್ಲ.’ ಊರು ಬದಲಾದರೂ ಸಾಲು ಬದಲಾಗುವುದಿಲ್ಲ. ಯಾವ ಹೆಂಡತಿಯೂ ತನ್ನ ಗಂಡನನ್ನು ‘ಸದರಿ ಮೃತ’ ಎನ್ನುವುದಿಲ್ಲ. ಅದು ಬರೆದುಕೊಂಡವರ ಮಾತು. ಶವಾಗಾರದ ಹೊರಗೆ ಬೆಳಗಿನ ಜಾವದಿಂದ ನಿಂತು ಕಾಲು ಸೋತ ಹೆಣ್ಣುಮಗಳ ಮುಂದೆ ಬೈಕಿನ ಸೀಟಿನ ಮೇಲೆ ಕಾಗದವಿಟ್ಟು, ‘ಇಲ್ಲೊಂದು ಸಹಿ ಹಾಕಮ್ಮ, ಬಾಡಿ ಕೊಡುತ್ತೇವೆ’ ಎಂದಾಗ ಆಕೆ ಹಾಕುತ್ತಾಳೆ. ನಾನಾಗಿದ್ದರೂ ಹಾಕುತ್ತಿದ್ದೆ. ಶವ ಕೊಡುವುದಕ್ಕೂ ಆ ಸಾಲಿಗೂ ಕಾನೂನಿನಲ್ಲಿ ಯಾವ ಸಂಬಂಧವೂ ಇಲ್ಲ. ಅಂದು ಅದನ್ನು ಅಕ್ಕನಿಗೆ ಹೇಳುವವರು ಅಲ್ಲಿ ಇರಲಿಲ್ಲ, ಅಷ್ಟೇ.

ಆದ್ದರಿಂದ ಅಕ್ಕ ಮ್ಯಾಜಿಸ್ಟ್ರೇಟರಿಗೆ ಕೊಡುವ ಹೇಳಿಕೆಯಲ್ಲಿ ಆ ಸಹಿಯ ಕಥೆಯೂ ಇರಬೇಕು. ಎಷ್ಟು ಗಂಟೆಗೆ, ಎಲ್ಲಿ, ಯಾರೆದುರು ಹಾಕಿದಳು? ಓದಿ ಹೇಳಿದರೇ? ಆಗ ಶವ ಕೈಗೆ ಬಂದಿತ್ತೇ? ಮುಚ್ಚಿಡುವ ವಿಷಯ ಇದಲ್ಲ. ಮುಚ್ಚಿಟ್ಟರೆ ನಾಳೆ ಆ ಕಾಗದವನ್ನು ಎದುರಿಗೆ ಹಿಡಿದಾಗ ಆಕೆ ತಡವರಿಸುತ್ತಾಳೆ. ತಾನೇ ಮೊದಲು ಹೇಳಿಬಿಟ್ಟರೆ ಆ ಕಾಗದಕ್ಕೆ ಬಲವಿರುವುದಿಲ್ಲ.

ಇನ್ನೊಂದು ಮಾತನ್ನು ಮನೆಯ ಎಲ್ಲ ಹೆಂಗಸರಿಗೂ ತಿಳಿಸಿ. ತನಿಖೆಯ ಸಾಕ್ಷಿಯಾಗಿ ಹೇಳಿಕೆ ಪಡೆಯುವುದಕ್ಕೆ ಮಹಿಳೆಯನ್ನು ಠಾಣೆಗೆ ಬಾ ಎಂದು ಕರೆಯುವಂತಿಲ್ಲ. ಆಕೆ ಇರುವ ಮನೆಗೇ ಬಂದು ಕೇಳಬೇಕು. ‘ಸುಮ್ಮನೆ ಒಂದು ಸಲ ಬಂದು ಹೋಗಿ’ ಎಂದು ಫೋನ್ ಬಂದರೆ, ಮನೆಗೇ ಬನ್ನಿ, ನಾವೆಲ್ಲ ಇರುತ್ತೇವೆ ಎಂದು ವಿನಯದಿಂದಲೇ ಹೇಳಿ.

ಬೆನ್ನ ಮೇಲಿನ ಕಪ್ಪು ಗುರುತಿನ ಬಗ್ಗೆ ನಿಮಗೆ ಇಷ್ಟವಾಗದ ಒಂದು ಸಂಗತಿಯನ್ನು ಹೇಳಬೇಕು. ಪ್ರಾಣ ಹೋದ ಮೇಲೆ ರಕ್ತ ದೇಹದ ಕೆಳಭಾಗಕ್ಕೆ ಇಳಿದು ನಿಲ್ಲುತ್ತದೆ. ಅಂಗಾತ ಮಲಗಿಸಿದ ಶವದ ಬೆನ್ನಿನಲ್ಲಿ ಕೆಲವೇ ಗಂಟೆಗಳಲ್ಲಿ ಕಪ್ಪು-ನೇರಳೆ ಬಣ್ಣ ಹರಡುತ್ತದೆ. ಮನೆಯಲ್ಲಿ ಮಲಗಿದ್ದಲ್ಲೇ ಸತ್ತ ಮುದುಕರ ಬೆನ್ನಿನಲ್ಲೂ ಅದು ಕಾಣುತ್ತದೆ. ಹಾಗೆಂದು ನಿಮ್ಮ ಭಾವನ ಬೆನ್ನ ಮೇಲಿದ್ದದ್ದು ಅದೇ ಎಂದು ನಾನು ಹೇಳುತ್ತಿಲ್ಲ. ಲಾಠಿಯ ಏಟು ಹಲವೊಮ್ಮೆ ಎರಡು ಸಮಾನಾಂತರ ಗೆರೆಗಳಾಗಿ ಮೂಡುತ್ತದೆ, ನಡುವೆ ಚರ್ಮದ ಬಣ್ಣ ಹಾಗೆಯೇ ಉಳಿದಿರುತ್ತದೆ. ಅಂಗಾಲಿಗೆ ಬಿದ್ದ ಏಟು ಹೊರಗೆ ಅಷ್ಟಾಗಿ ಕಾಣದೆ ಒಳಗೆ ರಕ್ತ ಕಟ್ಟಿರಬಹುದು. ಇದನ್ನೆಲ್ಲ ಬೇರ್ಪಡಿಸಿ ಹೇಳಬಲ್ಲದ್ದು ಮರಣೋತ್ತರ ಪರೀಕ್ಷೆ ಮಾತ್ರ. ಮೈ ತೊಳೆದವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದಂತೆ, ಅವರು ಕಂಡದ್ದನ್ನು ಬರೆದಿಟ್ಟುಕೊಳ್ಳಿ. ಗುರುತು ಎಲ್ಲಿತ್ತು, ಎಷ್ಟು ಉದ್ದ, ಗೆರೆಯೋ ಮಚ್ಚೆಯೋ, ಅಂಗಾಲು ನೋಡಿದರೇ ಎಂದು ಕೇಳಿ. ‘ಹೊಡೆದೇ ಕೊಂದರು’ ಎಂದು ಬರೆಯಬೇಡಿ, ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಿರಿ. ಯಾರ ಮೊಬೈಲಿನಲ್ಲಾದರೂ ಫೋಟೋ ಇದ್ದರೆ ಅದು ತೆಗೆದ ಮೊಬೈಲಿನಲ್ಲೇ ಇರಲಿ. ವಾಟ್ಸ್ಆ್ಯಪ್‌ನಲ್ಲಿ ಊರೆಲ್ಲ ಹರಡಬೇಡಿ. ಕಳುಹಿಸಿದ ಪ್ರತಿಯಲ್ಲಿ ಮೂಲ ವಿವರಗಳು ಅಳಿಸಿಹೋಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಮುಂದೊಂದು ದಿನ ಆ ಚಿತ್ರ ನಿಮ್ಮ ಅಕ್ಕನ ಮಗನ ಕಣ್ಣಿಗೆ ಬೀಳುತ್ತದೆ.

ಬಂಧನದಲ್ಲಿ ಸತ್ತವರ ಮರಣೋತ್ತರ ಪರೀಕ್ಷೆಯನ್ನು ವಿಡಿಯೋ ಮಾಡಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1995ರಲ್ಲೇ ಎಲ್ಲ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಬರೆದಿತ್ತು. 1997ರಲ್ಲಿ ಪರೀಕ್ಷೆಯ ವರದಿಗೆ ಮಾದರಿ ನಮೂನೆಯನ್ನೂ ಕಳುಹಿಸಿತು. ನೀವು ಅರ್ಜಿ ಹಾಕುವಾಗ ವರದಿಯ ಜೊತೆಗೆ ವಿಡಿಯೋ ಪ್ರತಿಯನ್ನೂ, ವಿಧಿವಿಜ್ಞಾನ ಪ್ರಯೋಗಾಲಯದ ವರದಿಯನ್ನೂ ಕೇಳಿ. ಒಳಾಂಗಗಳ ಮಾದರಿ ಪ್ರಯೋಗಾಲಯಕ್ಕೆ ಹೋಗಿದ್ದರೆ ವರದಿ ಬರಲು ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ ‘ಅಂತಿಮ ಅಭಿಪ್ರಾಯ ಕಾಯ್ದಿರಿಸಿದೆ’ ಎಂದಷ್ಟೇ ಇರುತ್ತದೆ. ಅದನ್ನು ನೋಡಿ ಎದೆಗುಂದಬೇಡಿ. ವಿಡಿಯೋವನ್ನು ಮಾತ್ರ ನೀವು ನೋಡಬೇಡಿ, ಅಕ್ಕನಿಗೆ ತೋರಿಸಲೂ ಬೇಡಿ. ವಕೀಲರು ನೋಡಲಿ, ಅವರಿಗೆ ಬೇಕೆನಿಸಿದರೆ ಬೇರೊಬ್ಬ ವಿಧಿವೈದ್ಯರಿಗೆ ತೋರಿಸಲಿ.

ಮಣ್ಣು ಕೊಟ್ಟಾಗಿದೆಯಲ್ಲ ಎಂಬ ಚಿಂತೆಯೂ ನಿಮಗಿರಬಹುದು. ದಹನವಾಗಿದ್ದರೆ ಆ ಬಾಗಿಲು ಮುಚ್ಚುತ್ತಿತ್ತು. ಹೂಳಿದ ಶವವನ್ನು ಹೊರತೆಗೆಸಿ ಪರೀಕ್ಷಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಆದರೆ ಮೊದಲ ಪರೀಕ್ಷೆಯ ವರದಿಯನ್ನು ಓದಿಸದೆ ಅದನ್ನು ಕೇಳಲು ಹೋಗಬೇಡಿ. ಸಮಾಧಿ ತೆಗೆಯುವ ದಿನ ಆ ಮನೆಯ ತಾಯಿಗೆ ಏನಾಗುತ್ತದೆ ಎಂಬುದನ್ನು ನಾನು ಒಮ್ಮೆ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಅದರಿಂದ ಹೊಸದೇನಾದರೂ ತಿಳಿಯುತ್ತದೆ ಎಂದು ವೈದ್ಯರು ಹೇಳಿದರೆ ಮಾತ್ರ ಆ ಕಷ್ಟಕ್ಕೆ ಮನೆಯವರನ್ನು ಒಡ್ಡಬೇಕು.

‘ಹೃದಯಾಘಾತ’ ಎಂಬ ಪದಕ್ಕೆ ನಿಲ್ಲಬೇಡಿ. ಯಾವ ಕಾರಣಕ್ಕೆ ಸತ್ತರೂ ಕೊನೆಗೆ ಹೃದಯ ನಿಲ್ಲುತ್ತದೆ. ಏಟೇ ಬಿದ್ದಿಲ್ಲ, ನಿಜವಾಗಿಯೂ ಎದೆನೋವೇ ಬಂದಿತ್ತು ಎಂದಿಟ್ಟುಕೊಳ್ಳೋಣ. ಆಗಲೂ ಪ್ರಶ್ನೆಗಳು ಉಳಿಯುತ್ತವೆ. ಜೈಲಿಗೆ ಸೇರಿಸಿಕೊಂಡ ದಿನದ ಆರೋಗ್ಯ ತಪಾಸಣೆಯ ಹಾಳೆಯಲ್ಲಿ ಏನು ಬರೆದಿದ್ದಾರೆ? ಗಾಯದ ಕಾಲಂ ಖಾಲಿ ಇದೆಯೇ, ತುಂಬಿದೆಯೇ? ನೋವೆಂದು ಮೊದಲು ಹೇಳಿದ್ದು ಎಷ್ಟು ಹೊತ್ತಿಗೆ? ಜೈಲಿನ ವೈದ್ಯರು ಬಂದದ್ದು ಎಷ್ಟಕ್ಕೆ? ಜೈಲಿನ ಗೇಟ್ ರಿಜಿಸ್ಟರಿನಲ್ಲಿ ವಾಹನ ಹೊರಟ ಸಮಯವಿರುತ್ತದೆ. ಆಸ್ಪತ್ರೆಯ ತುರ್ತು ವಿಭಾಗದ ರಿಜಿಸ್ಟರಿನಲ್ಲಿ ಅದು ತಲುಪಿದ ಸಮಯವಿರುತ್ತದೆ. ಈ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಕೆಲವು ಪ್ರಕರಣಗಳು ಅಲ್ಲಿಯೇ ಬಿಚ್ಚಿಕೊಂಡಿವೆ. ಬೆಂಗಾವಲಿಗೆ ಸಿಬ್ಬಂದಿ ಇಲ್ಲವೆಂದು ಎರಡು ಗಂಟೆ ಕಾಯಿಸಿದ್ದು ಕೊಲೆಯಲ್ಲದಿರಬಹುದು. ಆದರೆ ತನ್ನ ಬೀಗದೊಳಗಿಟ್ಟ ಮನುಷ್ಯನ ಜೀವ ಕಾಯುವುದು ಸರ್ಕಾರದ ಹೊಣೆ. ಒಳಗಿರುವವನು ತಾನೇ ಎದ್ದು ಆಸ್ಪತ್ರೆಗೆ ಹೋಗಲಾರ ಎಂಬ ಕಾರಣಕ್ಕೇ ಆ ಹೊಣೆ ಹೊರಗಿನವರ ವಿಷಯದಲ್ಲಿ ಇರುವುದಕ್ಕಿಂತ ದೊಡ್ಡದು.

ತಡಮಾಡದೆ ಆಗಬೇಕಾದ ಕೆಲಸವೊಂದಿದೆ. ಪೊಲೀಸ್ ಠಾಣೆಗಳಲ್ಲಿ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು, ಅದಾಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಆದೇಶಿಸಿದೆ. ಆದೇಶ ಇದೆಯೆಂದು ಕುಳಿತುಕೊಂಡರೆ ಆಗದು. ಈ ವಾರವೇ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೂ ಜೈಲಿನ ಅಧೀಕ್ಷಕರಿಗೂ ಇಂತಿಂಥ ತಾರೀಖುಗಳ ದೃಶ್ಯಗಳನ್ನು ಅಳಿಸದೆ ಕಾಯ್ದಿಡಬೇಕೆಂದು ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳುಹಿಸಿ, ಒಂದು ಪ್ರತಿಯನ್ನು ಮ್ಯಾಜಿಸ್ಟ್ರೇಟರಿಗೂ ಕೊಡಿ. ರಸೀದಿಗಳನ್ನು ಒಂದು ಫೈಲಿನಲ್ಲಿ ಅಂಟಿಸಿಡಿ. ಜೈಲಿನವರು ಮರಳಿ ಕೊಟ್ಟ ಚೀಲದಲ್ಲಿ ಬಟ್ಟೆಗಳಿದ್ದರೆ ಒಗೆಯಬೇಡಿ. ಹಸಿ ಇದ್ದರೆ ನೆರಳಲ್ಲಿ ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಲ್ಲ, ಕಾಗದದಲ್ಲಿ ಸುತ್ತಿಡಿ. ನಾನು ಕಂಡ ಒಂದು ಮನೆಯಲ್ಲಿ ಅಂಥ ಚೀಲದೊಳಗೆ ಒಂದು ಲುಂಗಿ, ಕಾಜು ಹರಿದ ಅಂಗಿ, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ ಇದ್ದವು. ಆ ತಾಯಿ ಬಿಸ್ಕತ್ತಿನ ಪೊಟ್ಟಣವನ್ನು ದೇವರ ಗೂಡಿನಲ್ಲಿ ಇಟ್ಟಿದ್ದಳು. ಅಂಗಿಯನ್ನು ಒಗೆಯಬೇಡ ಎಂದು ಹೇಳಬೇಕಾಗಿಯೇ ಇರಲಿಲ್ಲ, ಅವಳು ಅದನ್ನು ತಲೆದಿಂಬಿನ ಕೆಳಗಿಟ್ಟುಕೊಂಡೇ ಮಲಗುತ್ತಿದ್ದಳು. ಅದನ್ನು ಸಾಕ್ಷ್ಯಕ್ಕೆಂದು ಅವಳ ಕೈಯಿಂದ ಕೇಳಿ ಪಡೆಯಲು ನಮಗೆ ನಾಲ್ಕು ದಿನ ಬೇಕಾಯಿತು. ನೀವೂ ಅಷ್ಟು ದಿನ ತೆಗೆದುಕೊಳ್ಳಿ.

ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರನ್ನು ಕೊಡಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ನವನಗರದ ಜಿಲ್ಲಾ ನ್ಯಾಯಾಲಯದಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮುಂದೆ ಹೈಕೋರ್ಟಿಗೆ ಹೋಗಬೇಕಾದರೆ ಬಾಗಲಕೋಟೆ, ಬೆಳಗಾವಿಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ. ಏಟು ಬಿದ್ದಿತ್ತು ಎನ್ನಲು ಆಧಾರ ಸಿಕ್ಕರೆ ದೂರು ಕೊಡಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ. ಯಾರಾದರೂ ಬೆದರಿಸಿದರೆ ಅಂದೇ ಬರೆದು ಮ್ಯಾಜಿಸ್ಟ್ರೇಟರಿಗೆ ತಿಳಿಸಿ.

ಮಾನವ ಹಕ್ಕುಗಳ ಆಯೋಗದ ವಿಷಯದಲ್ಲಿ ಹಲವರು ಎಡವುತ್ತಾರೆ. ಬಂಧನದಲ್ಲಾದ ಪ್ರತಿ ಸಾವನ್ನೂ 24 ಗಂಟೆಗಳೊಳಗೆ ರಾಷ್ಟ್ರೀಯ ಆಯೋಗಕ್ಕೆ ತಿಳಿಸಬೇಕೆಂಬ ಸೂಚನೆ 1993ರಿಂದಲೂ ಇದೆ. ಹಾಗಾಗಿ ನಿಮ್ಮ ಭಾವನ ಹೆಸರಿನಲ್ಲಿ ದೆಹಲಿಯಲ್ಲಿ ಆಗಲೇ ಒಂದು ಕಡತ ಇರಬೇಕು. ಅದರ ಸಂಖ್ಯೆ ಕೇಳಿ, ನಿಮ್ಮ ಮಾತನ್ನೂ ಅದಕ್ಕೆ ಸೇರಿಸಿ. ರಾಜ್ಯ ಆಯೋಗದಲ್ಲಿ ಈಗಾಗಲೇ ನಡೆಯುತ್ತಿರುವ ವಿಷಯವನ್ನು ರಾಷ್ಟ್ರೀಯ ಆಯೋಗ ಕೈಗೆತ್ತಿಕೊಳ್ಳುವುದಿಲ್ಲ. ಆದ್ದರಿಂದ ಎರಡೂ ಕಡೆ ಒಟ್ಟಿಗೆ ಅರ್ಜಿ ಹಾಕುವ ಮೊದಲು ವಕೀಲರನ್ನು ಕೇಳಿ. ಘಟನೆ ನಡೆದು ಒಂದು ವರ್ಷ ಕಳೆದರೆ ಆಯೋಗ ವಿಚಾರಿಸುವಂತಿಲ್ಲ.

ಈಗ ಅತ್ತೆಯ ಮಾತಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಅದೇ.

1987ರ ಡಿಸೆಂಬರ್ 1ರಂದು ಒಡಿಶಾದ ಒಂದು ಊರಿನಲ್ಲಿ ಸುಮನ್ ಬೆಹೆರಾ ಎಂಬ 22 ವರ್ಷದ ಹುಡುಗನನ್ನು ಮನೆಯಿಂದ ಪೊಲೀಸ್ ಹೊರಠಾಣೆಗೆ ಕರೆದೊಯ್ದರು. ಅದೂ ಕಳ್ಳತನದ ವಿಚಾರಣೆಗೇ. ಮರುದಿನ ಅವನ ಶವ ರೈಲು ಹಳಿಯ ಹತ್ತಿರ ಸಿಕ್ಕಿತು. ತಪ್ಪಿಸಿಕೊಂಡು ಓಡುವಾಗ ರೈಲಿಗೆ ಸಿಕ್ಕಿದ ಎಂದರು. ಅವನ ತಾಯಿ ನೀಲಾವತಿ ಬೆಹೆರಾ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ನ್ಯಾಯಾಲಯ ಆ ಪತ್ರವನ್ನೇ ರಿಟ್ ಅರ್ಜಿ ಎಂದು ಸ್ವೀಕರಿಸಿತು. ವೈದ್ಯರ ಸಾಕ್ಷ್ಯವನ್ನು ನೋಡಿ ರೈಲಿನ ಕಥೆಯನ್ನು ತಳ್ಳಿಹಾಕಿತು. 1993ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟು ಒಂದೂವರೆ ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ಆ ತೀರ್ಪಿನ ಬೆಲೆ ಇರುವುದು ಆ ಮೊತ್ತದಲ್ಲಲ್ಲ. ಬದುಕುವ ಹಕ್ಕನ್ನು ಸರ್ಕಾರದ ನೌಕರರೇ ಕಸಿದಾಗ ‘ನಾವು ಸರ್ಕಾರ, ನಮ್ಮನ್ನು ಕೇಳುವಂತಿಲ್ಲ’ ಎಂಬ ಹಳೆಯ ರಕ್ಷಣೆ ನಡೆಯುವುದಿಲ್ಲ, ಸಂವಿಧಾನದ ಅಡಿಯಲ್ಲೇ ಪರಿಹಾರ ಕೊಡಬೇಕು ಎಂದು ಅದು ಹೇಳಿತು. ಅದೇ ನ್ಯಾಯಾಲಯದ 1996ರ ಡಿ.ಕೆ. ಬಸು ತೀರ್ಪು ಅದನ್ನು ಇನ್ನಷ್ಟು ಗಟ್ಟಿಮಾಡಿತು. ಹೀಗೆ ಸಿಗುವ ಪರಿಹಾರ ಬೇರೆ ದಾವೆಗಳಿಗೆ ಅಡ್ಡಿಯಲ್ಲ ಎಂದೂ ಸ್ಪಷ್ಟಪಡಿಸಿತು.

ಅತ್ತೆಗೆ ಇದನ್ನು ನಿಮ್ಮ ಮಾತಿನಲ್ಲಿ ಹೇಳಿ. ಮಾರುವವನು ವಸ್ತು ಕೊಟ್ಟು ರೊಕ್ಕ ತೆಗೆದುಕೊಳ್ಳುತ್ತಾನೆ. ನೀವು ಯಾರಿಗೂ ಮಗನನ್ನು ಕೊಟ್ಟಿರಲಿಲ್ಲ. ಆಯೋಗವೋ ನ್ಯಾಯಾಲಯವೋ ಬರೆದು ಕೊಡಿಸುವ ಹಣದ ಹಿಂದೆ ‘ತಪ್ಪಾಗಿದೆ’ ಎಂಬ ಒಂದು ಮಾತು ಇರುತ್ತದೆ. ಅದನ್ನು ತೆಗೆದುಕೊಂಡರೂ ಕ್ರಿಮಿನಲ್ ಪ್ರಕರಣ ನಿಲ್ಲುವುದಿಲ್ಲ. ಕೊಲೆಯ ಆರೋಪ ಮನೆಯವರು ರಾಜಿ ಮಾಡಿಕೊಂಡು ಮುಗಿಸುವಂಥದ್ದಲ್ಲ. ಆದರೆ ರಾತ್ರಿ ಹೊತ್ತು ಯಾರೋ ಮಧ್ಯಸ್ಥರು ಕವರಿನಲ್ಲಿಟ್ಟು ತರುವ, ರಸೀದಿಯಿಲ್ಲದ, ‘ಇದನ್ನಿಟ್ಟುಕೊಂಡು ಬಾಯಿ ಮುಚ್ಚಿಕೊಳ್ಳಿ’ ಎನ್ನುವ ಹಣ ಬೇರೆ. ಅತ್ತೆ ಬೇಡವೆನ್ನುತ್ತಿರುವುದು ಆ ಹಣವನ್ನು. ಅವಳು ಸರಿಯಾಗಿಯೇ ಹೇಳುತ್ತಿದ್ದಾಳೆ. ಬಂಧುಗಳಿಗೆ ಈ ಎರಡರ ನಡುವಿನ ವ್ಯತ್ಯಾಸವನ್ನು ಬಿಡಿಸಿ ಹೇಳಿ. ಮನೆಯ ಜಗಳ ಅರ್ಧ ಇಳಿಯುತ್ತದೆ.

ನಿಮ್ಮ ಭಾವ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು, ದೌರ್ಜನ್ಯ ತಡೆ ಕಾಯ್ದೆಯಡಿ ಪ್ರಕರಣ ದಾಖಲಾದರೆ ಅದರ ನಿಯಮಗಳಲ್ಲೇ ಬೇರೆ ಪರಿಹಾರ, ಅವಲಂಬಿತರಿಗೆ ಮಾಸಿಕ ಪಿಂಚಣಿ ಇವೆ. ಪತ್ರದಲ್ಲಿ ನೀವು ತಿಳಿಸಿಲ್ಲ, ವಕೀಲರಿಗೆ ತಿಳಿಸಿ.

ಅಕ್ಕನ ಮೌನದ ಬಗ್ಗೆ ಬರೆಯುವಾಗ ನನ್ನ ಕೈ ನಿಧಾನವಾಗುತ್ತದೆ. ನಮ್ಮ ಕಡೆ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೀಗರು, ನೆರೆಯವರು ರೊಟ್ಟಿ, ಪಲ್ಯ, ಅನ್ನ ಕಟ್ಟಿಕೊಂಡು ಬುತ್ತಿ ತರುತ್ತಾರೆ. ಹೆಂಗಸರು ಸುತ್ತ ಕುಳಿತು ಸತ್ತವನ ಗುಣಗಳನ್ನು ಹಾಡಿ ಅಳುತ್ತಾರೆ. ಹಾಗೆ ಎಲ್ಲರೊಂದಿಗೆ ಕೂಡಿ ಅತ್ತ ಮೇಲೆ ದುಃಖ ಅಷ್ಟಷ್ಟೇ ಇಳಿಯುತ್ತದೆ. ಜೈಲಿನಿಂದ ಬಂದ ಹೆಣದ ಮನೆಗೆ ಎಷ್ಟು ಬುತ್ತಿ ಬಂದವು? ಎಷ್ಟು ಜನ ಅಂಗಳದಲ್ಲೇ ನಿಂತು ಮಾತಾಡಿಸಿ ಹೋದರು? ಪತ್ರದಲ್ಲಿ ನೀವದನ್ನು ಬರೆದಿಲ್ಲ, ಆದರೆ ನನಗೆ ಊಹಿಸಲು ಕಷ್ಟವಿಲ್ಲ. ಸಮಾಜ ಗುರುತಿಸಲು ಒಪ್ಪದ ಇಂಥ ದುಃಖದ ಬಗ್ಗೆ ಅಮೆರಿಕದ ಕೆನೆತ್ ಡೋಕಾ 1989ರಲ್ಲಿ ವಿವರವಾಗಿ ಬರೆದರು. ನಮ್ಮ ಊರಿನ ಮಾತಿನಲ್ಲಿ ಹೇಳಬೇಕಾದರೆ ಅದು ಅಳಲು ಜಾಗವಿಲ್ಲದ ದುಃಖ. ಕಳ್ಳನ ಹೆಂಡತಿ ಅತ್ತರೆ ಊರು ಏನೆನ್ನುತ್ತದೋ ಎಂದು ನಿಮ್ಮ ಅಕ್ಕ ಗಂಟಲಲ್ಲೇ ತಡೆದುಕೊಂಡಿದ್ದಾಳೆ.

ಅವಳಿಗೆ ಮೊದಲು ಹೇಳಬೇಕಾದದ್ದು ಇದು. ನಿನ್ನ ಗಂಡ ಕಳ್ಳನೆಂದು ಯಾವ ನ್ಯಾಯಾಲಯವೂ ಹೇಳಿಲ್ಲ. ವಿಚಾರಣೆಯೇ ನಡೆದಿಲ್ಲ. ಆರೋಪಿ ಸತ್ತೊಡನೆ ಅವನ ಮೇಲಿನ ಪ್ರಕರಣ ಅಲ್ಲಿಗೆ ಕೊನೆಯಾಗುತ್ತದೆ. ಅವನು ಹೋಗಿದ್ದು ನಿರಪರಾಧಿಯಾಗಿಯೇ. ನೀವು ಶಿಕ್ಷಕಿ, ಊರಿನಲ್ಲಿ ನಿಮ್ಮ ಮಾತಿಗೆ ಬೆಲೆ ಇದೆ. ಇದನ್ನು ನಾಲ್ಕು ಜನರ ಮುಂದೆ, ಅಕ್ಕನಿಗೆ ಕೇಳುವಂತೆ ಹೇಳಿ.

ಮಾತಾಡು ಎಂದು ಅವಳನ್ನು ಒತ್ತಾಯಿಸಬೇಡಿ. ಜೊತೆಗೆ ಕುಳಿತು ಕಾಳು ಆರಿಸಿ, ಜೋಳ ಹಸನು ಮಾಡಿ. ಕೈಗೆ ಕೆಲಸವಿದ್ದಾಗ ಬಾಯಿ ತಾನಾಗಿ ಬಿಚ್ಚುತ್ತದೆ. ಆ ಹನ್ನೊಂದು ದಿನ ಅವಳು ಏನೇನು ಮಾಡುತ್ತಿದ್ದಳೆಂದು ಅವಳು ಹೇಳಿಯೇ ಹೇಳುತ್ತಾಳೆ. ಜಾಮೀನಿಗೆ ರೊಕ್ಕ ಹೊಂದಿಸಲಾಗಲಿಲ್ಲ, ಭೇಟಿಗೆ ಹೋಗಬೇಕಾದ ದಿನ ಬಸ್ ತಪ್ಪಿತು, ಹೀಗೆ ಏನೋ ಒಂದು ಅವಳನ್ನು ಒಳಗೇ ತಿನ್ನುತ್ತಿರುತ್ತದೆ. ನಾನು ಕಂಡ ಬಹುಪಾಲು ಹೆಂಡತಿಯರು, ತಾಯಂದಿರು ತಪ್ಪನ್ನು ಮೊದಲು ತಮ್ಮ ಮೇಲೆಯೇ ಹಾಕಿಕೊಂಡಿರುತ್ತಾರೆ. ಅದು ಹೊರಬಂದಾಗ ‘ಹಾಗೇನಿಲ್ಲ ಬಿಡು’ ಎಂದು ತಕ್ಷಣ ಒರೆಸಿಹಾಕಬೇಡಿ. ಪೂರ್ತಿ ಕೇಳಿಸಿಕೊಳ್ಳಿ.

ಊಟ ಪೂರ್ತಿ ಬಿಟ್ಟರೆ, ರಾತ್ರಿಗಟ್ಟಲೆ ನಿದ್ದೆ ಇಲ್ಲವಾದರೆ, ‘ನಾನೂ ಅವನ ಹಿಂದೆ ಹೋಗುತ್ತೇನೆ’ ಎಂಬ ಮಾತು ಒಂದೇ ಸಲ ಬಂದರೂ ಕಾಯಬೇಡಿ. 14416 ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ದುಃಖ ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗ ವರ್ಗೀಕರಣವೂ ಆರು ತಿಂಗಳು ದಾಟಿಯೂ ಬದುಕನ್ನೇ ನಿಲ್ಲಿಸಿಬಿಡುವಷ್ಟು ತೀವ್ರವಾಗಿ ಉಳಿದ ದುಃಖವನ್ನು ಮಾತ್ರ ಚಿಕಿತ್ಸೆ ಬೇಕಾದ ಸ್ಥಿತಿ ಎನ್ನುತ್ತದೆ. 41 ದಿನಕ್ಕೆ ‘ಇನ್ನೂ ಸುಧಾರಿಸಿಕೊಂಡಿಲ್ಲ’ ಎನ್ನುವವರ ಬಾಯಿ ಮುಚ್ಚಿಸಿ. ಇಂಥ ಸಾವಿನ ದುಃಖ ಒಂದೇ ಸಮನೆ ಇಳಿಯುವುದೂ ಇಲ್ಲ. ಪ್ರತಿ ನೋಟಿಸು, ಪ್ರತಿ ಮುಂದೂಡಿಕೆ ಗಾಯವನ್ನು ಮತ್ತೆ ಕೆದಕುತ್ತದೆ. ವಿಚಾರಣೆಯ ಹಿಂದಿನ ರಾತ್ರಿ ನೀವು ಅವಳ ಮನೆಯಲ್ಲಿ ಮಲಗಿ. ಮರುದಿನ ರಜೆ ಹಾಕಿ.

ಈ ಎರಡು ಕೆಲಸಗಳನ್ನು, ಅಂದರೆ ಅಳುವುದನ್ನೂ ಓಡಾಡುವುದನ್ನೂ, ಒಬ್ಬಳ ಮೇಲೆಯೇ ಹೇರಬೇಡಿ. ನಾನು ಕಂಡ ಮನೆಗಳು ಮುರಿದುಬಿದ್ದದ್ದು ಇಲ್ಲಿಯೇ. ಫೈಲು ಹಿಡಿದುಕೊಳ್ಳುವುದಕ್ಕೆ ಒಬ್ಬರನ್ನು ಗೊತ್ತುಮಾಡಿ. ಓದು ಬರಹ ಬಲ್ಲ ಅಳಿಯನೋ ಮೈದುನನೋ ಇರಬಹುದು. ಪತ್ರಕರ್ತರು, ಸಂಘಟನೆಯವರು ಬಂದರೆ ಅವರ ಜೊತೆ ಮಾತಾಡುವುದೂ ಅವರ ಕೆಲಸವೇ ಆಗಲಿ. ನೀವು ಅಕ್ಕನ ಪಕ್ಕದಲ್ಲಿರಿ. ನೀವೇ ಎರಡನ್ನೂ ಮಾಡಹೊರಟರೆ ಮೂರು ತಿಂಗಳಲ್ಲಿ ನಿಮಗೇ ಯಾರಾದರೂ ಬೇಕಾಗುತ್ತಾರೆ. ಇಂಗ್ಲೆಂಡಿನಲ್ಲಿ ಬಂಧನದಲ್ಲಿ ಸತ್ತವರ ಮನೆಯವರು, ಸ್ನೇಹಿತರು ಸೇರಿ 1981ರಲ್ಲೇ ‘ಇನ್‌ಕ್ವೆಸ್ಟ್’ ಎಂಬ ಸಂಸ್ಥೆ ಕಟ್ಟಿಕೊಂಡರು. ಹೊಸದಾಗಿ ಕಳೆದುಕೊಂಡವರ ಜೊತೆ ಹಿಂದೆ ಕಳೆದುಕೊಂಡವರು ಕೂರುತ್ತಾರೆ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಅಂಥದ್ದನ್ನು ನಾನಿನ್ನೂ ಕಂಡಿಲ್ಲ. ಆದರೆ ಒಮ್ಮೆ ಗೋಕಾಕದ ಕಡೆಯ ಒಬ್ಬ ತಾಯಿಯನ್ನು ವಿಜಯಪುರ ಜಿಲ್ಲೆಯ ಇಂಡಿ ಊರಿನ ಕಡೆಯ ಇನ್ನೊಬ್ಬ ತಾಯಿಯ ಮನೆಗೆ ಕರೆದುಕೊಂಡು ಹೋಗಿದ್ದೆ. ಇಬ್ಬರೂ ಅರ್ಧ ಗಂಟೆ ಒಂದು ಮಾತೂ ಆಡಲಿಲ್ಲ. ಕೊನೆಗೆ ಒಬ್ಬಳು, ‘ನಿನ್ನ ಮಗನ ಕಾಲು ತೊಳೆದವರು ಯಾರು?’ ಎಂದು ಕೇಳಿದಳು. ಆಮೇಲೆ ಸಂಜೆಯವರೆಗೂ ಅವರ ಮಾತು ನಿಲ್ಲಲಿಲ್ಲ. ನಿಮ್ಮ ಅಕ್ಕ ಒಪ್ಪಿದರೆ, ಅವಳ ಅತ್ತೆಯನ್ನೂ ಅಂಥ ಒಬ್ಬಳ ಮನೆಗೆ ಕರೆದೊಯ್ಯುವ ಏರ್ಪಾಡು ನಾನು ಮಾಡಬಲ್ಲೆ.

ಹುಡುಗನಿಗೆ ನಿಜ ಹೇಳಿ, ಈ ವಾರವೇ. ಗೋವಾಕ್ಕೆ ಹೋದ ಅಪ್ಪಂದಿರು ಹಬ್ಬಕ್ಕೆ ವಾಪಸು ಬರುತ್ತಾರೆ ಎಂಬುದು ನಿಮ್ಮ ಶಾಲೆಯ ಅರ್ಧ ಮಕ್ಕಳಿಗೆ ಗೊತ್ತು. ಅವನಿಗೂ ಗೊತ್ತು. ಅವನು ಕಾಯುತ್ತಾನೆ. ಅದಕ್ಕಿಂತ ಮೊದಲೇ ಶಾಲೆಯಲ್ಲಿ ಯಾರೋ ಒಬ್ಬ ಹುಡುಗ ಜಗಳದಲ್ಲಿ ನಿಜ ಹೇಳಿಬಿಡುತ್ತಾನೆ. ಅವನಮ್ಮ ಹತ್ತಿರ ಕೂರಿಸಿಕೊಂಡು, ‘ಅಪ್ಪ ಸತ್ತುಹೋದ. ಸತ್ತವರು ತಿರುಗಿ ಬರುವುದಿಲ್ಲ. ಪೊಲೀಸರು ಅಪ್ಪನನ್ನು ಕರೆದುಕೊಂಡು ಹೋಗಿದ್ದರು, ಜೈಲಿನಲ್ಲಿದ್ದಾಗ ಹೀಗಾಯಿತು. ಹೇಗಾಯಿತು ಎಂದು ನಾವು ಕೇಳುತ್ತಿದ್ದೇವೆ, ತಿಳಿದ ಮೇಲೆ ನಿನಗೆ ಹೇಳುತ್ತೇವೆ’ ಎನ್ನಲಿ. ಅಷ್ಟು ಸಾಕು. ‘ನಿದ್ದೆ ಮಾಡಿದ’, ‘ದೇವರು ಕರೆದುಕೊಂಡ’ ಎನ್ನಬೇಡಿ, ಎಷ್ಟೋ ಮಕ್ಕಳು ಆಮೇಲೆ ನಿದ್ದೆಗೇ ಹೆದರುತ್ತಾರೆ. ಕೇಳಿದ್ದನ್ನೇ ಹತ್ತು ಸಲ ಕೇಳುತ್ತಾನೆ, ಹತ್ತು ಸಲವೂ ಅದೇ ಉತ್ತರ ಕೊಡಿ. ಕೇಳಿ ಆಟಕ್ಕೆ ಓಡಿದರೆ ಅವನಿಗೆ ದುಃಖವಿಲ್ಲ ಎಂದಲ್ಲ, ಮಕ್ಕಳು ದುಃಖಿಸುವ ರೀತಿಯೇ ಹಾಗೆ. ಪೊಲೀಸ್ ಜೀಪು ಕಂಡರೆ ಅವಿತುಕೊಳ್ಳುತ್ತಾನೆಯೇ, ಹಾಸಿಗೆಯಲ್ಲಿ ಮೂತ್ರ ಮಾಡುತ್ತಾನೆಯೇ ಎಂದು ಗಮನಿಸಿ. ಅವನ ತರಗತಿಯ ಶಿಕ್ಷಕರಿಗೂ ವಿಷಯ ತಿಳಿದಿರಲಿ.

ಮನೆ ನಡೆಯುವ ಮಾತನ್ನು ಬೇಗ ಮುಗಿಸುತ್ತೇನೆ. ಮರಣ ಪ್ರಮಾಣಪತ್ರದ ಐದಾರು ಪ್ರತಿ ತೆಗೆಸಿ. ಜೈಲಿನಲ್ಲಿ ಸತ್ತರೆ ಜೈಲಿನವರು, ಆಸ್ಪತ್ರೆಯಲ್ಲಿ ಸತ್ತರೆ ಆಸ್ಪತ್ರೆಯವರು ನೋಂದಣಿ ಅಧಿಕಾರಿಗೆ ತಿಳಿಸಬೇಕು. ಇಬ್ಬರೂ ‘ನಮ್ಮಲ್ಲಲ್ಲ’ ಎಂದರೆ ಸಾವಿನ ಸಮಯ ಮತ್ತು ಸ್ಥಳದ ಪ್ರಶ್ನೆಗೂ ಅದು ಒಂದು ಸುಳಿವು, ಬರೆದಿಟ್ಟುಕೊಳ್ಳಿ. ವಿಧವಾ ವೇತನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಬಡತನ ರೇಖೆಗಿಂತ ಕೆಳಗಿನ ಮನೆಯ ದುಡಿಯುವ ವ್ಯಕ್ತಿ 60 ತುಂಬುವ ಮೊದಲೇ ಸತ್ತರೆ ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆಯಲ್ಲಿ 20,000 ರೂಪಾಯಿ ಇದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಮಿಷನ್ ವಾತ್ಸಲ್ಯ ಎಂಬ ಮಕ್ಕಳ ಯೋಜನೆಯ ಪ್ರಾಯೋಜಕತ್ವ, ಅಂದರೆ ಮಗುವಿಗೆ ಸಿಗುವ ಮಾಸಿಕ ನೆರವು, ಕೇಳಿ. ವಿಧವೆಯ ಮಗುವಿಗೆ ತಿಂಗಳಿಗೆ 4,000 ರೂಪಾಯಿ, ಹಳ್ಳಿಯಾದರೆ ವರ್ಷದ ಆದಾಯ 72,000 ಮೀರಿರಬಾರದು. ಜೈಲಿನಲ್ಲಿ ಭಾವನ ಹೆಸರಿನಲ್ಲಿ ಉಳಿದ ನಗದು, ವಸ್ತುಗಳಿದ್ದರೆ ಪಟ್ಟಿ ನೋಡಿ, ಎಣಿಸಿಯೇ ಸಹಿ ಹಾಕಿ.

ಹೇಳಿಕೆಯನ್ನು ಇದೇ ಭಾನುವಾರ ಬರೆಯಲು ಕುಳಿತುಕೊಳ್ಳಿ. ಅಕ್ಕ ಹೇಳಲಿ, ನೀವು ಬರೆಯಿರಿ. ಅವಳ ಮಾತನ್ನು ತಿದ್ದಬೇಡಿ, ಕಚೇರಿಯ ಭಾಷೆಗೆ ತಿರುಗಿಸಬೇಡಿ. ‘ಸದರಿ ಮೃತ’ ಎಂದು ಎಲ್ಲಿಯೂ ಬರಬಾರದು, ಮೊದಲ ಸಾಲೇ ‘ನನ್ನ ಗಂಡ’ ಎಂದು ಶುರುವಾಗಲಿ. ಅಳು ಬಂದರೆ ನಿಲ್ಲಿಸಿ, ಮರುದಿನ ಮುಂದುವರಿಸಿ. ಮುಗಿದ ಮೇಲೆ ಪೂರ್ತಿ ಓದಿ ಹೇಳಿ, ಅವಳು ಹೌದೆಂದ ಮೇಲೆ ಸಹಿ ಮಾಡಿಸಿ. ಮೂರು ಪ್ರತಿ ತೆಗೆಸಿ, ಒಂದನ್ನು ನಿಮ್ಮ ಶಾಲೆಯ ಬೀರುವಿನಲ್ಲಿ ಇಡಿ.